ವಾರಸಾಗಿ ಬಂದ ಮನೆಯ ಮಾರಾಟ: ಮಾರಾಟಗಾರರು ಕೊಂಡೊಯ್ಯಬಹುದಾದ ವಸ್ತುಗಳು

ವಾರಸಾಗಿ ಬಂದ ಮನೆಯನ್ನು ಮಾರುವವರು, ಕ್ರಯದ ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಲ್ಲಿ, ಪಾತ್ರೆ, ಮಂಚ, ಬೀರು, ದೇವರ ವಿಗ್ರಹ ಮುಂತಾದ ಚರ ವಸ್ತುಗಳನ್ನು ಎಲ್ಲ ವಾರಸುದಾರರ ಒಪ್ಪಿಗೆಯೊಡನೆ ಕೊಂಡೊಯ್ಯಬಹುದು.

ಆದರೆ ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 8ನೇ ಪ್ರಕರಣದ ಮೇರೆಗೆ ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ ಹಾಗೂ ಮನೆಯ ಶಾಶ್ವತ ಬಳಕೆಗಾಗಿ ಒದಗಿಸಿದ ಇತರ ವಸ್ತುಗಳು ಮನೆಯೊಂದಿಗೇ ಖರೀದಿದಾರರಿಗೆ ಸೇರುತ್ತವೆ. ಕಂಬ, ತೊಲೆಗಳೂ ಕಟ್ಟಡದ ಭಾಗವೇ ಆಗಿರುತ್ತವೆ. ಕರಾರಾದ ದಿನದಿಂದ ಸ್ವಾಧೀನ ಕೊಡುವವರೆಗೆ ಮನೆಯನ್ನೂ ಅದರ ಹಕ್ಕಿನ ದಾಖಲೆಗಳನ್ನೂ ಜೋಪಾನ ಮಾಡುವುದು 55ನೇ ಪ್ರಕರಣದಂತೆ ಮಾರಾಟಗಾರರ ಹೊಣೆ.

ಹಿರಿಯರ ಕಾಲದ ಕೆತ್ತನೆಯ ಬಾಗಿಲು ಅಥವಾ ತೂಗುಮಂಚವನ್ನು ಉಳಿಸಿಕೊಳ್ಳಲಿಚ್ಛಿಸುವವರು ಅದನ್ನು ಸಹಿಗೆ ಮುನ್ನವೇ ಕರಾರಿನಲ್ಲಿಯೂ ಕ್ರಯಪತ್ರದಲ್ಲಿಯೂ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಬಾಯಿಮಾತಿನ ಒಪ್ಪಂದವನ್ನು ನಂತರ ರುಜುವಾತುಪಡಿಸುವುದು ಕಷ್ಟ.