ಶೇಂಗಾ ರಾಶಿಯ ಸುತ್ತ ಪುರುಷೋತ್ತಮ, ತುಳಸಿ, ಕಾವೇರಿ

ಹೋದ ಸಲ ಚಳ್ಳಕೆರೆಯ ಮಂಡಿಯೊಂದರಲ್ಲಿ ಶೇಂಗಾ ಚೀಲ ಇಳಿಸಿ ತೂಕಕ್ಕೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ದಲಾಲರೊಬ್ಬರು. ಮಾತು ಮಳೆಯಿಂದ ರೇಟಿಗೆ, ರೇಟಿನಿಂದ ಮಕ್ಕಳ ಓದಿಗೆ ಬಂತು. "ನಾವೇನು ಓದಿದ್ವಿ ಬಿಡ್ರಿ, ಪತ್ತೇದಾರ ಪುರುಷೋತ್ತಮನ್ನ ಓದಿದ್ವಿ" ಎಂದು ನಕ್ಕರು. ಅಲ್ಲಿಗೆ ತೂಕ ಮರೆತುಹೋಯಿತು. ಎದುರಿಗೆ ಕೂತಿದ್ದ ಕಲ್ಯಾಣದುರ್ಗದ ಕಡೆಯ ರೈತನೂ "ಮಾಕು ಷಾಡೋ ಅನ್ನಾ" ಅಂತ ಸೇರಿಕೊಂಡ. ಅರ್ಧ ಗಂಟೆ ಮೂವರೂ ಹುಡುಗರಾಗಿಬಿಟ್ಟಿದ್ದೆವು. ಆದರೆ ಆ ಪುರುಷೋತ್ತಮನನ್ನು ಬರೆದವರು ಯಾರು ಅಂತ ನಾನು ಕೇಳಿದಾಗ ದಲಾಲರಿಗೆ ಹೆಸರು ಬಾಯಿಗೆ ಬರಲಿಲ್ಲ. "ಯಾರೋ ಒಬ್ರು ಇದ್ರಲ್ರೀ" ಅಂದರು.

ಆ ಯಾರೋ ಒಬ್ಬರು ಎನ್. ನರಸಿಂಹಯ್ಯ. ಚಿಕ್ಕಮಗಳೂರಿನವರು. ಶಾಲೆ ಕಂಡಿದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. 2011ರಲ್ಲಿ ತೀರಿಕೊಂಡರು. ಎಸ್ಸೆಸ್ಸೆಲ್ಸಿಗೇ ನಿಂತುಹೋದ ನನ್ನಂಥವನಿಗೆ ಈ ಲೆಕ್ಕ ನೆನಪಾದಾಗಲೆಲ್ಲ ಸ್ವಲ್ಪ ಧೈರ್ಯ ಬರುತ್ತದೆ.

ನಮ್ಮದು ರಾಯದುರ್ಗ ಸೀಮೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದೇ ತಾಲೂಕು. ಅವತ್ತು ಆದೋನಿ, ಆಲೂರಿನ ಜೊತೆ ನಾವೂ ಆಂಧ್ರಕ್ಕೆ ಸೇರಿದೆವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ನಾನು ಐದನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಮೊಳಕಾಲ್ಮೂರಿನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು 1986ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಪಾಠದ ಪುಸ್ತಕ ಓದಿಸಿದ್ದು ಮೇಷ್ಟ್ರು. ಓದುವ ಚಟ ಹತ್ತಿಸಿದ್ದು ಮಾತ್ರ ಬಸ್ ನಿಲ್ದಾಣದ ಹತ್ತಿರದ ಒಂದು ಬಾಡಿಗೆ ಪುಸ್ತಕದ ಅಂಗಡಿ. ಒಂದು ಕಡೆ ಬೀಡಿ, ಸೋಡಾ. ಇನ್ನೊಂದು ಕಡೆ ಹಗ್ಗಕ್ಕೆ ನೇತುಹಾಕಿದ ಕಾದಂಬರಿಗಳು. ದಿನಕ್ಕೆ ನಾಲ್ಕಾಣೆ. ಹಾಳೆ ಹರಿದರೆ ಎಂಟಾಣೆ ದಂಡ. ಎಷ್ಟೋ ಪುಸ್ತಕಕ್ಕೆ ಕೊನೇ ಹಾಳೆಯೇ ಇರುತ್ತಿರಲಿಲ್ಲ. ಕೊಲೆಗಾರ ಯಾರು ಅಂತ ಇವತ್ತಿಗೂ ಗೊತ್ತಿಲ್ಲದ ಕಥೆ ನನ್ನ ತಲೆಯಲ್ಲಿ ಹತ್ತಾದರೂ ಇವೆ.

ಅದೇ ಹಗ್ಗದ ಮೇಲೆ ಮ. ರಾಮಮೂರ್ತಿಯವರ ಹಳೇ ಪತ್ತೇದಾರಿಗಳೂ ಇದ್ದವು. ನಾವು ಕನ್ನಡ ಬಾವುಟ ಅಂತ ಹಳದಿ ಕೆಂಪು ಬಟ್ಟೆ ಹಾರಿಸುತ್ತೇವಲ್ಲ, ಅದನ್ನು ಮಾಡಿಕೊಟ್ಟವರು ಈ ಪತ್ತೇದಾರಿ ಕಾದಂಬರಿಕಾರರೇ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು. ಅವರು ಹೋದ ರೀತಿ ಕೇಳಿದರೆ ರೈತನಾದವನಿಗೆ ಎದೆ ಧಸಕ್ಕೆನ್ನುತ್ತದೆ. 1967ರಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳ ಜೊತೆ ತೀರಿಕೊಂಡರು. ಬಾವಿ ತೋಡುವಾಗ ಮಣ್ಣು ಯಾವ ಗಳಿಗೆಯಲ್ಲಿ ಬಾಯಿ ಬಿಡುತ್ತದೋ ನಮಗೂ ಗೊತ್ತಿರುವ ಭಯವೇ.

ತೆಲುಗಿನ ಕಡೆ ಕೊಮ್ಮೂರಿ ಸಾಂಬಶಿವರಾವ್ ಇದ್ದರು. ಅವರ ಡಿಟೆಕ್ಟಿವ್ ಯುಗಂಧರ್, ಜೊತೆಗೆ ಶಿಷ್ಯ ರಾಜು. ಯುಗಂಧರ್ ಬಹಳ ಶಿಸ್ತಿನ ಮನುಷ್ಯ, ಕೂತು ಯೋಚನೆ ಮಾಡುವವನು. ಅದಾದ ಮೇಲೆ ಬಂದ ಮಧುಬಾಬು ಅವರ ಷಾಡೋ ಹಂಗಲ್ಲ. ಮೊದಲು ಕೈ, ಆಮೇಲೆ ತಲೆ. ಷಾಡೋನ ಮೇಲಧಿಕಾರಿಯ ಹೆಸರು ಕುಲಕರ್ಣಿ. ಆ ಹೆಸರು ಕಂಡು ನಮ್ಮ ಹುಡುಗರಿಗೆಲ್ಲ ಖುಷಿಯೋ ಖುಷಿ, "ನೋಡ್ರಲೇ, ಚೀಫ್ ನಮ್ಮೋನೇ" ಅಂತ. ನಿಜ ಹೇಳಬೇಕೆಂದರೆ ನನ್ನ ತೆಲುಗು ಓದು ಚುರುಕಾದದ್ದು ಷಾಡೋನಿಂದ. ಎರಡೂ ಲಿಪಿಗೆ ತಲೆಕಟ್ಟು ಬೇರೆ, ಮೈ ಒಂದೇ. ಮುಂದೇನಾಯಿತು ಅನ್ನೋ ಆತುರವಿದ್ದರೆ ಕಣ್ಣು ತಾನೇ ಕಲಿತುಕೊಳ್ಳುತ್ತದೆ. ಹೀಗೆ ಕಲಿತವನು ಮುಂದೆ ಎರಡೂ ಭಾಷೆಯಲ್ಲಿ ನಾಲ್ಕು ಪದ್ಯ ಬರೆದೆ. ಆದರೆ ಆಗ ಒಬ್ಬ ಮೇಷ್ಟ್ರು ನನ್ನ ಚೀಲದಲ್ಲಿದ್ದ ಪತ್ತೇದಾರಿ ಪುಸ್ತಕ ಹರಿದು, "ಇದನ್ನ ಓದಿದೋನು ಉದ್ಧಾರ ಆಗಲ್ಲ" ಅಂದಿದ್ದರು. ದಂಡ ಪೂರ್ತಿ ಪುಸ್ತಕದ ಬೆಲೆ, ನಾಲ್ಕೂವರೆ ರೂಪಾಯಿ. ಅಕ್ಕ ಕೊಟ್ಟಳು.

ನಗಿಸುವವರನ್ನು ಮರೆಯಬಾರದು. ನಮಗೆ ಬೀಚಿಯವರ ತಿಮ್ಮ. ಹರಪನಹಳ್ಳಿಯಲ್ಲಿ ಹುಟ್ಟಿ, ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದ ರಾಯಸಂ ಭೀಮಸೇನರಾಯರೇ ಬೀಚಿ. ನಮ್ಮ ಹಳೇ ಬಳ್ಳಾರಿ ಜಿಲ್ಲೆಯ ಮಣ್ಣು ಆ ತಿಮ್ಮನ ನಾಲಿಗೆಯಲ್ಲಿದೆ. ತೆಲುಗರಿಗೆ ಮೊಕ್ಕಪಾಟಿಯವರ ಬ್ಯಾರಿಸ್ಟರ್ ಪಾರ್ವತೀಶಂ. ಮೊಗಲ್ತೂರಿನಿಂದ ಸೀಮೆಗೆ ಓದಲು ಹೊರಟವನು, ದಾರಿಯಲ್ಲಿ ಎಡವದ ಜಾಗವಿಲ್ಲ. ತಿಮ್ಮ ಊರು ಬಿಡದೆ ಎಲ್ಲರನ್ನೂ ಬೇಸ್ತು ಬೀಳಿಸುತ್ತಾನೆ. ಪಾರ್ವತೀಶಂ ಊರು ಬಿಟ್ಟು ತಾನೇ ಬೇಸ್ತು ಬೀಳುತ್ತಾನೆ. ಇಬ್ಬರನ್ನೂ ಒಂದು ಬಂಡಿಯಲ್ಲಿ ಕೂರಿಸಿ ಆದೋನಿ ಸಂತೆಗೆ ಕಳಿಸಬೇಕು ಅಂತ ನನಗೆ ಬಹಳ ದಿನದ ಆಸೆ.

ತರಾಸು ಅವರ ರಾಮಾಚಾರಿಯೂ ಗಡಿ ದಾಟಿದ. ತರಾಸು ಹೆಸರಿನಲ್ಲಿರುವ ತಳುಕು ಚಳ್ಳಕೆರೆ ತಾಲೂಕಿನದು, ನಮಗೆ ನೆರೆ. 1972ರಲ್ಲಿ ನಾಗರಹಾವು ಸಿನಿಮಾ ಬಂತು, 1974ರಲ್ಲಿ ಅದೇ ಕಥೆ ತೆಲುಗಿನಲ್ಲಿ ಕೋಡೆನಾಗು. ಚಾಮಯ್ಯ ಮೇಷ್ಟ್ರ ಪಾತ್ರವನ್ನು ಅಲ್ಲಿ ಮಾಡಿದ್ದು ಹಾಡು ಬರೆಯುವ ಆತ್ರೇಯ. ರಾಯದುರ್ಗದಲ್ಲಿ ಎರಡನ್ನೂ ನೋಡಿದವರು ಇದ್ದಾರೆ. ಅಶ್ವತ್ಥ್ ಮೇಲೋ ಆತ್ರೇಯ ಮೇಲೋ ಅಂತ ಚಹಾದಂಗಡಿಯಲ್ಲಿ ವಾದ ಹತ್ತಿದರೆ ಇವತ್ತಿಗೂ ಮುಗಿಯುವುದಿಲ್ಲ.

ಇಷ್ಟೆಲ್ಲ ಗಂಡಸರ ಓದು. ನಮ್ಮ ಮನೆಯಲ್ಲಿ ಕಥೆ ಕೇಳುವವರು ಬೇರೆ ಇದ್ದರು.

ಮೇ ತಿಂಗಳಲ್ಲಿ ಬಿತ್ತನೆ ಬೀಜಕ್ಕೆ ಶೇಂಗಾ ಸುಲಿಯುವ ಕೆಲಸ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ರಾಶಿ ಸುರಿದುಕೊಂಡು ಅವ್ವ, ಅತ್ತಿಗೆ, ಓಣಿಯ ನಾಲ್ಕೈದು ಹೆಂಗಸರು ಕೂರುತ್ತಿದ್ದರು. ನಿದ್ದೆ ಬಾರದಿರಲಿ ಅಂತ ನಾನು ಲಾಟೀನಿನ ಪಕ್ಕ ಕೂತು ಗಟ್ಟಿಯಾಗಿ ಓದಬೇಕು. ಯದ್ದನಪೂಡಿ ಸುಲೋಚನಾರಾಣಿಯವರ ಸೆಕ್ರಟರಿಯನ್ನು ತೆಲುಗು ಪುಸ್ತಕ ಹಿಡಿದು ಬಾಯಲ್ಲೇ ಕನ್ನಡ ಮಾಡಿ ಓದಿದೆ. ಜಯಂತಿ ಸ್ವಾಭಿಮಾನದ ಹುಡುಗಿ, ರಾಜಶೇಖರಂ ಕಾರಿನ ಸಾಹುಕಾರ. "ಆಕೆ ಒಪ್ಕೋಬಾರ್ದು ಇನ್ನೂ ಸ್ವಲ್ಪ ದಿನ" ಅಂತ ಓಣಿಯ ಒಬ್ಬ ಅಜ್ಜಿ ಹಟ ಹಿಡಿದಿದ್ದಳು. ಆಂಧ್ರದ ಎಷ್ಟೋ ಹೆಣ್ಣುಮಕ್ಕಳ ಕನಸಿಗೆ ಎತ್ತರದ ಗಂಡು ಕೊಟ್ಟವರು ಸುಲೋಚನಾರಾಣಿ. 2018ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ನೆನಪಾದದ್ದು ಆ ಅಜ್ಜಿ.

1987ರ ಮೇ ತಿಂಗಳಲ್ಲಿ ಓದಿದ್ದು ಯಂಡಮೂರಿ ವೀರೇಂದ್ರನಾಥರ ತುಳಸಿದಳ, ಕನ್ನಡದ್ದೇ ಪುಸ್ತಕ. ಆ ಹೊತ್ತಿಗೆ ಕನ್ನಡ ಸಿನಿಮಾನೂ ಆಗಿತ್ತು. ತುಳಸಿ ಅನ್ನೋ ಸಣ್ಣ ಹುಡುಗಿಗೆ ಹಣದಾಸೆಗೆ ಮಾಟ ಮಾಡಿಸುವ ಕಥೆ. ಅದರಲ್ಲಿ ಡಾಕ್ಟರೂ ಇದ್ದಾರೆ, ಮಂತ್ರವಾದಿಯೂ ಇದ್ದಾನೆ. ಮೂಢನಂಬಿಕೆ ಬೆಳೆಸುತ್ತದೆ ಅಂತ ಆಗಲೇ ಟೀಕೆ ಬಂದಿತ್ತು. ಬರವಣಿಗೆ ಮಾತ್ರ ಕುತ್ತಿಗೆ ಹಿಡಿದು ಕೂರಿಸುವಂಥದ್ದು. ನಾನು ಧ್ವನಿ ಏರಿಸಿ ಇಳಿಸಿ ಓದಿದೆ. ಹೆಂಗಸರು ಮನೆಗೆ ಒಬ್ಬೊಬ್ಬರೇ ಹೋಗಲು ಹೆದರಿ, ನಾನೇ ಲಾಟೀನು ಹಿಡಿದು ಬಿಟ್ಟು ಬರಬೇಕಾಯಿತು. ನನಗೆ ಅದೊಂದು ಜಂಬ.

ಆ ಶ್ರಾವಣದಲ್ಲಿ ಅತ್ತಿಗೆಗೆ ಎರಡನೇ ಹೆರಿಗೆ. ಹತ್ತು ಹನ್ನೆರಡು ದಿನಕ್ಕೆ ಅವರ ರೀತಿ ಬದಲಾಯಿತು. ನಿದ್ದೆ ಇಲ್ಲ. ಗೋಡೆಯ ಕಡೆ ತಿರುಗಿ ಮಾತಾಡುತ್ತಾರೆ. ಕೂಸು ಕೊಟ್ಟರೆ "ಇದು ನಂದಲ್ಲ" ಅನ್ನುತ್ತಾರೆ. ಅವ್ವ ನನ್ನ ಮುಖ ನೋಡಿ, "ಯಾರೋ ಮಾಡ್ಸಿದಾರೆ ಕಣಪ್ಪಾ. ನೀನು ಓದಿದ್ಯಲ್ಲ, ಆ ಹುಡುಗೀಗೆ ಆದಂಗೇ ಐತೆ" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಣ್ಣ ಒಬ್ಬ ಮಂತ್ರವಾದಿಯನ್ನು ಕರೆಸಿದ. ಮುನ್ನೂರು ರೂಪಾಯಿ, ಒಂದು ಕರಿ ಕೋಳಿ, ಬೇವಿನ ಸೊಪ್ಪಿನ ಹೊಡೆತ. ಹದಿನೈದು ದಿನ ಹೀಗೇ ಹೋಯಿತು. ಆ ಹದಿನೈದು ದಿನದಲ್ಲಿ ನನ್ನ ಓದಿನ ಪಾಲೂ ಇದೆ ಅಂತ ಈಗಲೂ ಅನ್ನಿಸುತ್ತದೆ. ಪುಸ್ತಕ ಬರೆದವರನ್ನು ದೂರುವುದಿಲ್ಲ, ಅವರು ಕಥೆ ಬರೆದರು. ಅದನ್ನು ಲಾಟೀನಿನ ಬೆಳಕಲ್ಲಿ ನಿಜ ಮಾಡಿದವನು ನಾನು.

ಸುದ್ದಿ ತಿಳಿದು ಮೊಳಕಾಲ್ಮೂರಿನಿಂದ ಅಕ್ಕ ಬಂದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಅಲ್ಲಿನ ಲೈಬ್ರರಿಯ ಒಂದು ಕಾದಂಬರಿ ಬಿಟ್ಟವಳಲ್ಲ. ಅತ್ತಿಗೆಯನ್ನು ನೋಡಿ, "ಇದು ಬಾಣಂತಿ ಸನ್ನಿ. ಕಾವೇರಿಗೆ ಆಗಿತ್ತಲ್ಲ, ಅದೇ. ಆಸ್ಪತ್ರೆಗೆ ಹಾಕಿದ್ರೆ ವಾಸಿ ಆಗ್ತದೆ" ಅಂದಳು. ಯಾವ ಕಾವೇರಿ ಅಂತ ಅಣ್ಣ ಕೇಳಿದ. ಅಕ್ಕ ಚೀಲದಿಂದ ತೆಗೆದದ್ದು ತ್ರಿವೇಣಿಯವರ ಶರಪಂಜರ.

ತ್ರಿವೇಣಿ ಎಂದರೆ ಅನಸೂಯಾ ಶಂಕರ್. 1928ರಲ್ಲಿ ಹುಟ್ಟಿ 1963ರಲ್ಲಿ ಹೋದವರು. ಮಗಳನ್ನು ಹೆತ್ತ ಕೆಲವೇ ದಿನಕ್ಕೆ. ಹೆರಿಗೆಯಾದ ಮೇಲೆ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ, ಮನೆಗೆ ಬಂದ ಹೆಣ್ಣಿನ ಕಥೆ ಶರಪಂಜರ. ಸಾವಿರ ಹೆರಿಗೆಗೆ ಒಬ್ಬರೋ ಇಬ್ಬರೋ ತಾಯಂದಿರಿಗೆ ಈ ಕಾಯಿಲೆ ಬರುತ್ತದೆ, ಬೇಗ ತೋರಿಸಿದರೆ ಬಹುಪಾಲು ಗುಣವಾಗುತ್ತದೆ ಅಂತ ಈಗ ಯಾವ ಡಾಕ್ಟರಾದರೂ ಹೇಳುತ್ತಾರೆ. ನಮ್ಮ ಮನೆಗೆ ಅದನ್ನು ಮೊದಲು ಹೇಳಿದವಳು ಕಾವೇರಿ. ಆ ರಾತ್ರಿ ಮೊದಲ ಭಾಗವನ್ನು ಅವ್ವನಿಗೆ ಓದಿದೆ. ಈ ಸಲ ಧ್ವನಿ ಏರಿಸಲಿಲ್ಲ. ಅವ್ವ ಒಂದೇ ಮಾತು ಕೇಳಿದಳು: "ಆಸ್ಪತ್ರೆಗೆ ಹೋಗಿ ನೆಟ್ಟಗಾದ್ಲಾ?" "ಆದ್ಲವ್ವಾ" ಅಂದೆ. ಬೆಳಿಗ್ಗೆ ಅವ್ವ ತನ್ನ ಓಲೆ ಬಿಚ್ಚಿ ಅಣ್ಣನ ಕೈಗೆ ಕೊಟ್ಟಳು. ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದರು.

ಒಂದೂವರೆ ತಿಂಗಳಿಗೆ ಅತ್ತಿಗೆ ಮನೆಗೆ ಬಂದರು. ಮೈ ಇಳಿದಿತ್ತು, ಕಣ್ಣು ತಿಳಿಯಾಗಿತ್ತು. ಕೂಸನ್ನು ಎತ್ತಿಕೊಂಡರು. ಆಗ ನನಗೆ ಇನ್ನೊಂದು ಕಷ್ಟ ಶುರುವಾಯಿತು. ಅವ್ವನಿಗೆ ಪುಸ್ತಕದ ಮುಂದಿನ ಭಾಗ ಬೇಕು. "ಕಾವೇರಿ ಮನೀಗೆ ಬಂದ್ಮೇಲೆ ಏನಾಯ್ತು, ಓದು" ಅನ್ನುತ್ತಾಳೆ. ಓದಿದವರಿಗೆ ಗೊತ್ತು, ಅಲ್ಲಿಂದ ಮುಂದೆಯೇ ತ್ರಿವೇಣಿಯವರು ಚುಚ್ಚುವುದು. ಗುಣವಾಗಿ ಬಂದವಳನ್ನು ಮನೆಯವರು, ನೆರೆಯವರು ಹುಚ್ಚಿ ಅಂತಲೇ ನೋಡುತ್ತಾರೆ, ಗಂಡ ದೂರವಾಗುತ್ತಾನೆ, ಕೊನೆಗೆ ಆಕೆಯನ್ನು ಮತ್ತೆ ಅದೇ ಕತ್ತಲೆಗೆ ತಳ್ಳುತ್ತಾರೆ. ಅತ್ತಿಗೆ ಅದೇ ಪಡಸಾಲೆಯಲ್ಲಿ ಕೂಸಿಗೆ ಹಾಲು ಕೊಡುತ್ತ ಕೂತಿರುವಾಗ ಅದನ್ನು ಹೇಗೆ ಓದಲಿ?

ಆ ಭಾಗವನ್ನು ಓದಿದ್ದು ಅಣ್ಣನಿಗೆ. ಹೊಲದಲ್ಲಿ, ಪಂಪ್‌ಸೆಟ್ ಮನೆಯ ಮೆಟ್ಟಿಲ ಮೇಲೆ, ಕರೆಂಟಿಗೆ ಕಾಯುತ್ತಾ. ಅಣ್ಣ ಬೀಡಿ ಹಚ್ಚಿಕೊಂಡು ಪೂರ್ತಿ ಕೇಳಿದ. ಏನೂ ಅನ್ನಲಿಲ್ಲ. ಆ ವಾರ ಕಾಳಿನ ಕೋಣೆಯ ಬೀಗದ ಕೈಯನ್ನು ಅವ್ವನ ಹತ್ತಿರದಿಂದ ತೆಗೆದು ಅತ್ತಿಗೆಗೆ ಕೊಟ್ಟ. ಹಾಲಿನ ಲೆಕ್ಕ, ಕೂಲಿ ಬಟವಾಡೆ ಎಲ್ಲ ಮೊದಲಿನ ಹಂಗೇ ಅವರ ಕೈಗೇ ಬಂತು. ಓಣಿಯವರು ಯಾರೋ "ಬೆಂಕಿ ಹತ್ರ ಬಿಡಬ್ಯಾಡ್ರಿ" ಅಂದಾಗ, "ನಮ್ಮ ಮನಿ ಒಲೆ ಅವಳದು" ಅಂತ ಅಂದುಬಿಟ್ಟ.

ಅವ್ವನಿಗೆ ಮಾತ್ರ ಮೂರು ರಾತ್ರಿ ಸುಳ್ಳು ಓದಿದೆ. ಪುಸ್ತಕ ಹಿಡಿದು, ಹಾಳೆ ತಿರುವುತ್ತ, ಇಲ್ಲದ ಕಥೆ ಕಟ್ಟಿದೆ. ಗಂಡ ಸತೀಶ ತಪ್ಪಾಯಿತು ಅಂದ, ಕಾವೇರಿ ಮಕ್ಕಳ ಜೊತೆ ಸುಖವಾಗಿದ್ದಳು ಅಂತ ಮುಗಿಸಿದೆ. ಅವ್ವ ಕಣ್ಣೊರೆಸಿಕೊಂಡಳು. ತ್ರಿವೇಣಿಯವರು ಕ್ಷಮಿಸಲಿ.

ಇದನ್ನೆಲ್ಲ ಬರೆಯಲೇ ಅಂತ ಅತ್ತಿಗೆಯನ್ನು ಕೇಳಿದೆ. ಈಗ ಅವರಿಗೆ ಅರವತ್ತು ದಾಟಿದೆ. ಆ ಕೂಸಿಗೇ ಇಬ್ಬರು ಮಕ್ಕಳು. "ಬರಿ, ಅದ್ರಾಗೇನೈತೆ" ಅಂದರು. ಆ ಮೂರು ರಾತ್ರಿಯ ವಿಷಯವನ್ನೂ ಒಪ್ಪಿಕೊಂಡೆ.

ಅವರು ಕುಂಟೆ ಹಲ್ಲಿಗೆ ಸಿಕ್ಕ ಹುಲ್ಲು ಕೀಳುತ್ತ ನಕ್ಕರು. "ಮದುವೇಗೆ ಮುಂಚೇನೇ ನಾನು ಬಳ್ಳಾರಿ ಟಾಕೀಸ್‌ನಾಗೆ ಕಲ್ಪನಾ ಸಿನಿಮಾ ನೋಡಿದ್ದೆ ಕಣಪ್ಪಾ. ಕೊನೇಗೆ ಏನಾಗ್ತದೆ ಅಂತ ಗೊತ್ತಿತ್ತು. ನೀನು ಸುಳ್ಳು ಓದ್ತಾ ಇದ್ದೀಯ ಅಂತಾನೂ ಗೊತ್ತಿತ್ತು. ಚೆನ್ನಾಗೇ ಓದ್ತಿದ್ದೆ, ಓದ್ಲಿ ಬಿಡು ಅಂತ ಸುಮ್ಮನಿದ್ದೆ."