ಬಂಗುಡೆ ತಿಂದ ಮೇಲೆ ಮುಖ ಕೆಂಪಾಯಿತೇ?

ಬಂಗುಡೆ ಸಾರು ಉಂಡ ಅರ್ಧ ಗಂಟೆಯಲ್ಲೇ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಗುಟ್ಟಿತೇ? ಅದು ಮೀನಿನ ಅಲರ್ಜಿಯೇ ಆಗಿರಬೇಕೆಂದಿಲ್ಲ. ಹಿಸ್ಟಮೀನ್ ವಿಷವೂ ಆಗಿರಬಹುದು.

ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳನ್ನು ಹಿಡಿದ ಮೇಲೆ ಸರಿಯಾಗಿ ತಂಪಾಗಿಡದಿದ್ದರೆ ಬ್ಯಾಕ್ಟೀರಿಯಾಗಳು ಅವುಗಳ ಮಾಂಸದಲ್ಲಿ ಹಿಸ್ಟಮೀನ್ ಉಂಟುಮಾಡುತ್ತವೆ. ವಾಸನೆಯಿಂದ ಇದು ಗೊತ್ತಾಗದೆಯೂ ಇರಬಹುದು. ಒಮ್ಮೆ ಉಂಟಾದ ಮೇಲೆ ಕುದಿಸಿದರೂ, ಹುರಿದರೂ, ಫ್ರೀಜರ್‌ನಲ್ಲಿಟ್ಟರೂ ಹೋಗುವುದಿಲ್ಲ.

ಕ್ಷಯರೋಗಕ್ಕೆ ಐಸೋನಿಯಜಿಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಎಚ್ಚರ ಬೇಕು. ದೇಹದಲ್ಲಿ ಹಿಸ್ಟಮೀನನ್ನು ಒಡೆಯುವ ಕಿಣ್ವವನ್ನು ಈ ಔಷಧ ತಡೆಯುತ್ತದೆ. ಹಾಗಾಗಿ ಬೇರೆಯವರಿಗೆ ಏನೂ ಆಗದ ಮೀನಿನಿಂದಲೂ ನಿಮಗೆ ತೊಂದರೆಯಾಗಬಹುದು. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಚಿಕಿತ್ಸೆ ಮುಗಿಯುವವರೆಗೆ ಈ ಮೀನುಗಳನ್ನು ತಿನ್ನಬಹುದೇ ಎಂದು ವೈದ್ಯರನ್ನು ಕೇಳಿ.

ನೀವು ಮಾಡಬೇಕಾದದ್ದು:

• ಮಂಜುಗಡ್ಡೆಯಲ್ಲಿ ಹುದುಗಿಸಿಟ್ಟ ಮೀನನ್ನೇ ಕೊಳ್ಳಿ. ಮಾರುಕಟ್ಟೆಯಿಂದ ನೇರವಾಗಿ ಮನೆಗೆ ಬನ್ನಿ.

• ತಂದ ಕೂಡಲೇ ಫ್ರಿಜ್‌ನಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಡಿ.

• 2 ಗಂಟೆಗಿಂತ ಹೆಚ್ಚು, ಕಡು ಸೆಕೆಯಲ್ಲಾದರೆ 1 ಗಂಟೆಗಿಂತ ಹೆಚ್ಚು ಹೊರಗಿದ್ದ ಮೀನನ್ನು ಎಸೆಯಿರಿ.

• ತಿನ್ನುವಾಗ ನಾಲಿಗೆ ಚುರುಚುರು ಎಂದರೆ ಅಲ್ಲಿಗೇ ನಿಲ್ಲಿಸಿ.

ಉಸಿರಾಟ ಕಷ್ಟವಾದರೆ, ತುಟಿ ಅಥವಾ ನಾಲಿಗೆ ಊದಿದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಯಾವ ಮೀನು ತಿಂದಿರಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ.