ಎಳೆಯುವ ಲಾರಿಗೂ ಒಂದು ಹೊರೆ

ಭಾರೀ ಟ್ರಾನ್ಸ್‌ಫಾರ್ಮರ್ ಹೊತ್ತ ಟ್ರೇಲರ್ ಘಾಟಿ ಹತ್ತುವುದನ್ನು ಕಂಡರೆ, ಅದನ್ನು ಎಳೆಯುವ ಪುಲ್ಲರ್ ಲಾರಿಯ ಬೆನ್ನಿನತ್ತ ಒಮ್ಮೆ ನೋಡಿ. ಸಾಮಾನ್ಯವಾಗಿ ಅಲ್ಲಿ ಕಾಂಕ್ರೀಟ್ ದಿಮ್ಮಿಗಳೋ ಕಬ್ಬಿಣದ ತುಂಡುಗಳೋ ಇರುತ್ತವೆ. ಹಿಂದಿನದನ್ನು ಎಳೆಯುವುದೇ ಪ್ರಯಾಸ, ಮೇಲೆ ಈ ದಂಡದ ಭಾರವೇಕೆ?

ಸ್ವಲ್ಪ ಲೆಕ್ಕ ಹಾಕೋಣ. ಸರಕು, ಟ್ರೇಲರ್, ಪುಲ್ಲರ್ ಎಲ್ಲ ಸೇರಿ 200 ಟನ್ ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಉರುಳಿಸಲು ಸುಮಾರು 2 ಟನ್ ಬಲ ಸಾಕು. 100 ಮೀಟರಿಗೆ 5 ಮೀಟರ್ ಏರುವ ಚಡಾವಿನಲ್ಲಾದರೆ ಒಟ್ಟು ಭಾರದ ಇಪ್ಪತ್ತನೇ ಒಂದು ಪಾಲು, ಅಂದರೆ ಇನ್ನೂ 10 ಟನ್, ಹಿಂದಕ್ಕೆ ಜಗ್ಗುತ್ತದೆ. ಈ 12 ಟನ್ ಎಳೆತಕ್ಕೆ ಎದುರಾಗಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಸಾಗಲು ಬೇಕಾದ ಶಕ್ತಿ ಎಷ್ಟು? ಸುಮಾರು 175 ಅಶ್ವಶಕ್ತಿ. ಗೇರಿನಲ್ಲಿ ಕಳೆದುಹೋಗುವುದನ್ನು ಸೇರಿಸಿದರೂ ಒಂದು ದೊಡ್ಡ ಲಾರಿಯ ಎಂಜಿನ್‌ಗೆ ಅದು ಹೆಚ್ಚೇನಲ್ಲ. ನಡಿಗೆಯ ವೇಗಕ್ಕೆ ಒಪ್ಪಿಕೊಂಡರೆ ಬೆಟ್ಟ ಅಗ್ಗಕ್ಕೇ ಸಿಗುತ್ತದೆ!

ತೊಡಕಿರುವುದು ಟೈರಿನ ಬುಡದಲ್ಲಿ. ಒಣ ರಸ್ತೆಯಲ್ಲಿ ಟೈರು ತನ್ನ ಮೇಲಿರುವ ಭಾರದ ಸುಮಾರು ಮುಕ್ಕಾಲು ಪಾಲಿನಷ್ಟು ಬಲವನ್ನು ಮಾತ್ರ ನೆಲಕ್ಕೆ ದಾಟಿಸಬಲ್ಲದು; ಮಳೆಗಾಲದ ಶಿರಾಡಿ ಘಾಟಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಬೆನ್ನು ಖಾಲಿಯಿದ್ದು ಎಳೆಯುವ ಗಾಲಿಗಳ ಮೇಲೆ 6 ಟನ್ನಷ್ಟೇ ಇದ್ದರೆ, ಎಂಜಿನ್ ಎಷ್ಟೇ ಗರ್ಜಿಸಲಿ, ನಾಲ್ಕೂವರೆ ಟನ್ ದಾಟುವ ಹೊತ್ತಿಗೆ ಗಾಲಿ ನಿಂತಲ್ಲೇ ಗಿರಗಿರ ಸುತ್ತುತ್ತದೆ. ಆ ದಿಮ್ಮಿಗಳು ಹಿಡಿತದ ಬಂಡವಾಳ. ಅಷ್ಟಾದರೂ ಸಾಲದಾಗ ಮುಂದೆ ಇನ್ನೊಂದು ಪುಲ್ಲರ್, ಹಿಂದಿನಿಂದ ನೂಕಲು ಮತ್ತೊಂದು.

ರೈಲಿನದೂ ಇದೇ ಪಾಡು, ಹಿಡಿತ ಇನ್ನೂ ಕಡಿಮೆ: ಉಕ್ಕಿನ ಮೇಲೆ ಉಕ್ಕು. ಕ್ಯಾಸಲ್‌ರಾಕ್ ಘಾಟಿಯಲ್ಲಿ ಹಳಿ 37 ಅಡಿಗೆ ಒಂದಡಿ ಏರುತ್ತದೆ. 2000 ಟನ್ ಗಾಡಿಯಾದರೆ 54 ಟನ್ ಜಗ್ಗಾಟ. ಎಲ್ಲವನ್ನೂ ಮುಂದಿನಿಂದಲೇ ಎಳೆದರೆ ಮೊದಲ ಬೋಗಿಯ ಕೊಂಡಿಯೇ ಅಷ್ಟನ್ನೂ ತಡೆಯಬೇಕು. ಅದಕ್ಕೇ ಹಿಂದಿನಿಂದ ನೂಕುವ ಬ್ಯಾಂಕರ್ ಎಂಜಿನ್‌ಗಳು. ಗಾಲಿ ಜಾರಿದರೆ ಹಳಿಗೆ ಮರಳು ಸುರಿಸುವ ಏರ್ಪಾಡೂ ಎಂಜಿನ್ನಿನಲ್ಲೇ ಇರುತ್ತದೆ.

ಮತ್ತೆ ಲಾರಿಗೆ ಬಂದರೆ, ಒಮ್ಮೆ ಜಾರಲು ತೊಡಗಿದ ಟೈರಿಗೆ ಮೊದಲಿದ್ದಷ್ಟು ಹಿಡಿತವೂ ಉಳಿಯುವುದಿಲ್ಲ; ಏರಿನ ನಡುವೆ ಗೇರು ಬದಲಿಸುವಾಗಿನ ಒಂದು ಜಗ್ಗು ಸಾಕು, ಅದು ಜಾರಲು. ಹಾಗಾಗಿ ಏರು ಶುರುವಾಗುವ ಮೊದಲೇ ಚಾಲಕ ಸಣ್ಣ ಗೇರಿಗೆ ಇಳಿಸಿಕೊಳ್ಳುತ್ತಾನೆ, ಆಮೇಲೆ ಬದಲಿಸುವ ಗೋಜಿಗೆ ಹೋಗುವುದಿಲ್ಲ. ಪಕ್ಕದಲ್ಲೇ ಕ್ಲೀನರ್ ಗಾಲಿಗೆ ಅಡ್ಡ ಕೊಡುವ ಮರದ ತುಂಡು ಹಿಡಿದು ನಡೆಯುತ್ತಿರುತ್ತಾನೆ, ಕಣ್ಣು ಹಿಂದಿನ ಗಾಲಿಯ ಮೇಲೆ.